ಬೋರ್ಡಿನ ಮೇಲಿನ ‘ರ್ಯೂ’ಗೆ ತೊಂಬತ್ತು ವರ್ಷ, ಒಳಗಿನ ಕಟಾಕ್ಕೆ ಇನ್ನೂ ಹೆಚ್ಚು

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಕರಾಟೆಗೆ ಸೇರಿಸು ಎಂದು ಹಟ ಹಿಡಿದಿದ್ದಾಳೆ. ಶಿವಮೊಗ್ಗದಲ್ಲಿ ನಮ್ಮ ಬಡಾವಣೆಯ ಸುತ್ತಲೇ ಮೂರು ಕ್ಲಾಸುಗಳಿವೆ. ಒಂದರ ಬೋರ್ಡಿನಲ್ಲಿ ‘ಓಕಿನಾವಾ ಗೋಜು-ರ್ಯೂ’, ಇನ್ನೊಂದರಲ್ಲಿ ‘ಶೋಟೋಕಾನ್’, ಮೂರನೆಯದರಲ್ಲಿ ‘ಶಿಟೋ-ರ್ಯೂ’ ಎಂದಿದೆ. ಮೂವರೂ ತಮ್ಮದೇ ಮೂಲ ಕರಾಟೆ ಅನ್ನುತ್ತಾರೆ. ನನ್ನ ಮೈದುನನನ್ನು ಕೇಳಿದರೆ, ಇದೆಲ್ಲ ಕಂಚಿಯ ಬೋಧಿಧರ್ಮ ಚೀನಾಕ್ಕೆ ಒಯ್ದ ನಮ್ಮದೇ ವಿದ್ಯೆ ಎನ್ನುತ್ತಾನೆ. ಈ ಓಕಿನಾವಾ ಎಲ್ಲಿಂದ ಬಂತು? ಮೂರರಲ್ಲಿ ಹಳೆಯದು ಯಾವುದು, ವ್ಯತ್ಯಾಸವೇನು?

ಉತ್ತರ: ಮೂರೂ ಬೋರ್ಡಿನವರ ಮಾತಿನಲ್ಲಿ ಒಂದಿಷ್ಟು ನಿಜ ಇದೆ, ಅದಕ್ಕೇ ಈ ಜಗಳ ಬಗೆಹರಿಯುವುದಿಲ್ಲ. ಮೂರಕ್ಕೂ ತವರು ಓಕಿನಾವಾ. ಆದರೆ ಬೋರ್ಡಿನ ಮೇಲಿರುವ ಆ ಮೂರು ಹೆಸರುಗಳಲ್ಲಿ (‘ರ್ಯೂ’ ಅಂದರೆ ಶೈಲಿ, ಪಂಥ) ಯಾವುದಕ್ಕೂ ನೂರು ವರ್ಷ ತುಂಬಿಲ್ಲ. ನಿಮ್ಮ ಅತ್ತೆಯವರ ಅಜ್ಜಿ ಹುಟ್ಟಿದಾಗ ಇವು ಯಾವುವೂ ಇರಲಿಲ್ಲ ಅಂದುಕೊಳ್ಳಿ. ಒಳಗೆ ಕಲಿಸುವ ಕಟಾಗಳು ಮಾತ್ರ, ಅಂದರೆ ಹೊಡೆತ, ತಡೆ, ಹೆಜ್ಜೆಗಳನ್ನು ಒಂದು ಕ್ರಮದಲ್ಲಿ ಪೋಣಿಸಿದ ಆ ಒಂಟಿ ಅಭ್ಯಾಸಗಳು, ಅನೇಕವು ಹೆಸರುಗಳಿಗಿಂತ ಹಳೆಯವು. ಹಾಗಾಗಿ ಬೋರ್ಡನ್ನು ಪಕ್ಕಕ್ಕಿಟ್ಟು ಮಾತಾಡೋಣ.

ಮೊದಲು ಊರು. ಇವತ್ತಿನ ಜಪಾನಿನ ದಕ್ಷಿಣದ ತುದಿಯಿಂದ ತೈವಾನ್ ಕಡೆಗೆ ಚೆಲ್ಲಿದ ಹಾಗೆ ಒಂದು ದ್ವೀಪಮಾಲೆ ಇದೆ. ಅದರಲ್ಲಿ ದೊಡ್ಡದು ಓಕಿನಾವಾ, ಸುಮಾರು ನೂರು ಕಿಲೋಮೀಟರ್ ಉದ್ದ. 1879ರವರೆಗೆ ಅದು ಜಪಾನಿನ ಜಿಲ್ಲೆಯಾಗಿರಲಿಲ್ಲ, ರ್ಯೂಕ್ಯೂ ಎಂಬ ಸ್ವಂತ ರಾಜ್ಯವಾಗಿತ್ತು. 1429ರಲ್ಲಿ ಶೋ ಹಾಶಿ ಎಂಬ ದೊರೆ ಮೂರು ಭಾಗವಾಗಿದ್ದ ದ್ವೀಪವನ್ನು ಒಂದು ಮಾಡಿದ. ಅದಕ್ಕೂ ಮೊದಲೇ, 1372ರಿಂದ, ಅಲ್ಲಿನ ಅರಸರು ಚೀನಾದ ಮಿಂಗ್ ಚಕ್ರವರ್ತಿಗೆ ಕಪ್ಪ ಕಳಿಸಿ ಬದಲಿಗೆ ವ್ಯಾಪಾರದ ಪರವಾನಗಿ ಪಡೆಯುತ್ತಿದ್ದರು. ಗುಡ್ಡದ ಮೇಲೆ ಶುರಿ, ಅಲ್ಲಿ ಅರಮನೆ. ಕೆಳಗೆ ನಾಹಾ, ಅಲ್ಲಿ ಬಂದರು. ನಾಹಾದ ಕುಮೆ ಎಂಬ ಕೇರಿಯಲ್ಲಿ ಚೀನಾದ ಫೂಜಿಯನ್ ಪ್ರಾಂತ್ಯದಿಂದ ಬಂದು ನೆಲೆಸಿದ ಮನೆತನಗಳು. ಹಡಗು ಕಟ್ಟುವವರು, ಪತ್ರ ಬರೆಯುವವರು, ದುಭಾಷಿಗಳು. ರ್ಯೂಕ್ಯೂ ಹಡಗುಗಳು ಫೂಜಿಯನ್ನಿನ ಫೂಜೌ ಪಟ್ಟಣಕ್ಕೆ ಹೋಗುತ್ತಿದ್ದವು, ಅಲ್ಲಿ ಅವರಿಗೆಂದೇ ಒಂದು ವಸತಿಗೃಹವಿತ್ತು. ಕರಾಟೆಯ ಕಥೆಯಲ್ಲಿ ಚೀನಾ ಅಂದರೆ ಬಹುಮಟ್ಟಿಗೆ ಈ ಒಂದು ಪಟ್ಟಣ ಮತ್ತು ಅದರ ಸುತ್ತಲಿನ ಸೀಮೆ. ಕುಂಗ್‌ಫೂಗೆ ಹೆಸರಾದ ಉತ್ತರದ ಶಾವೊಲಿನ್ ದೇವಾಲಯ ಅಲ್ಲಿಂದ ಬಹಳ ದೂರ.

ದ್ವೀಪದವರಿಗೆ ತಮ್ಮದೇ ಒಂದು ಹೊಡೆದಾಟದ ಕಲೆ ಇತ್ತು, ಅದನ್ನು ‘ತೀ’ ಎನ್ನುತ್ತಿದ್ದರು, ಅಂದರೆ ಕೈ. ಚೀನಾದಿಂದ ಬಂದದ್ದು ‘ತೋದೀ’, ಚೀನೀ ಕೈ. ಎರಡೂ ಬೆರೆತವು. ಎಷ್ಟು ಪಾಲು ಯಾವುದು ಎಂದು ಅಳೆದು ಹೇಳುವವರನ್ನು ನಂಬಬೇಡಿ. ಈ ಕಲೆಯ ಬಗ್ಗೆ ಯಾರೂ ಪುಸ್ತಕ ಬರೆದಿಡುವ ರೂಢಿ ಇರಲಿಲ್ಲ. ಇದ್ದಬದ್ದ ಮನೆತನದ ಕಾಗದಗಳು 1945ರ ಯುದ್ಧದಲ್ಲಿ ಶುರಿ ಅರಮನೆಯ ಜೊತೆಗೇ ಸುಟ್ಟುಹೋದವು.

ಒಂದು ಕಟ್ಟುಕಥೆಯನ್ನು ಇಲ್ಲೇ ಇಳಿಸಿಬಿಡುತ್ತೇನೆ, ಏಕೆಂದರೆ ಕ್ಲಾಸಿನಲ್ಲಿ ನಿಮ್ಮ ಮಗಳಿಗೆ ಇದನ್ನು ಹೇಳಿಯೇ ಹೇಳುತ್ತಾರೆ. 1609ರಲ್ಲಿ ಜಪಾನಿನ ಸತ್ಸುಮಾದ ಸಮುರಾಯಿಗಳು ದ್ವೀಪವನ್ನು ಗೆದ್ದರು, ಆಯುಧ ನಿಷೇಧಿಸಿದರು, ಆಗ ಬಡ ರೈತರು ರಾತ್ರಿ ಹೊತ್ತು ಕದ್ದು ಬರಿಗೈ ಕಾಳಗ ಕಲಿತು ಸಮುರಾಯಿಗಳನ್ನು ಎದುರಿಸಿದರು ಎಂಬುದು ಆ ಕಥೆ. ದಾಳಿ ನಿಜ, ಆಯುಧಗಳ ಮೇಲೆ ಹಿಡಿತವಿದ್ದದ್ದೂ ನಿಜ. ಆದರೆ ನಮಗೆ ಹೆಸರು ಗೊತ್ತಿರುವ ಹಳೆಯ ಗುರುಗಳನ್ನು ನೋಡಿ. ಸೋಕೊನ್ ಮತ್ಸುಮುರಾ ಅರಮನೆಯ ಅಂಗರಕ್ಷಕ. ಅವರ ಶಿಷ್ಯ ಆಂಕೊ ಇತೊಸು ಅರಮನೆಯ ಗುಮಾಸ್ತ. ಇವರೆಲ್ಲ ‘ಪೇಚಿನ್’ ಮುಂತಾದ ಪದವಿಗಳಿದ್ದ ನೌಕರ ವರ್ಗದವರು. ರೈತನಿಗೆ ದಿನವಿಡೀ ಕಬ್ಬಿನ ಗದ್ದೆಯಲ್ಲಿ ದುಡಿದ ಮೇಲೆ ರಾತ್ರಿ ಕುದುರೆ ನಿಲುವಿನಲ್ಲಿ ನಿಲ್ಲುವ ಪುರುಸೊತ್ತು ಎಲ್ಲಿಂದ ಬರಬೇಕು?

ಈಗ ಮೈದುನರ ಬೋಧಿಧರ್ಮ. ಅವರಿಗೆ ಬೇಸರವಾಗಬಹುದು, ಆದರೂ ಹೇಳಬೇಕು. ಬೋಧಿಧರ್ಮನ ಹೆಸರು ಬರುವ ಅತಿ ಹಳೆಯ ಚೀನೀ ಬರಹ ಕ್ರಿ.ಶ. 547ರ ಸುಮಾರಿನದು. ಲುಯೊಯಾಂಗ್ ನಗರದ ವಿಹಾರಗಳ ವರ್ಣನೆ ಅದು. ಅಲ್ಲಿ ಅವನು ಪಾರಸೀಕ ದೇಶದಿಂದ ಬಂದ ಮುದಿ ಸನ್ಯಾಸಿ. ದಕ್ಷಿಣ ಭಾರತದವನು ಎಂಬುದು ಬೇರೊಂದು ಹಳೆಯ ಬರಹದ ಮಾತು. ಎರಡರಲ್ಲೂ ಗುದ್ದಾಟದ ಸುದ್ದಿ ಇಲ್ಲ. ಶಾವೊಲಿನ್ನಿನಲ್ಲಿ ಅವನು ವ್ಯಾಯಾಮ ಕಲಿಸಿದ ಎಂಬ ಕಥೆಗೆ ಆಧಾರವಾದ ‘ಯಿಜಿನ್ ಜಿಂಗ್’ ಪುಸ್ತಕ 1624ರದು. ಅಂದರೆ ಅವನು ತೀರಿಕೊಂಡು ಸಾವಿರ ವರ್ಷ ದಾಟಿದ ಮೇಲಿನದು, ಅದರ ಮುನ್ನುಡಿಗಳೂ ನಕಲಿ. ಚೀನಾದ ಸಂಶೋಧಕ ತಾಂಗ್ ಹಾವೊ ಇದನ್ನೆಲ್ಲ ಬಯಲಿಗೆಳೆದು ಸುಮಾರು ತೊಂಬತ್ತು ವರ್ಷವಾಯಿತು. ಕರಾಟೆಯವರೇ ಏನು ಹೇಳುತ್ತಾರೆ ಎಂದರೆ, 1908ರಲ್ಲಿ ಇತೊಸು ಬರೆದ ಹತ್ತು ಅಂಶಗಳ ಪತ್ರದ ಮೊದಲ ಸಾಲಿನಲ್ಲೇ ಈ ವಿದ್ಯೆ ಬೌದ್ಧ ಧರ್ಮದಿಂದಲೋ ಕನ್‌ಫ್ಯೂಷಿಯಸ್‌ನ ಮತದಿಂದಲೋ ಬಂದದ್ದಲ್ಲ ಎಂಬ ಅರ್ಥದ ಮಾತಿದೆ. ಗೋಜು-ರ್ಯೂದ ಅತಿ ಉದ್ದದ ಕಟಾದ ಹೆಸರು ‘ಸುಪಾರಿಂಪೇ’, ಫೂಜಿಯನ್ ಉಚ್ಚಾರದಲ್ಲಿ 108. ನಮ್ಮ ಜಪಮಾಲೆಯ 108 ಬೌದ್ಧರಿಗೂ ಪವಿತ್ರ. ಮೈದುನರಿಗೆ ಅಷ್ಟನ್ನು ಬಿಟ್ಟುಕೊಡೋಣ.

ಅವರಿಗಿಂತ ನಿಮ್ಮ ಮಗಳಿಗೆ ಇಷ್ಟವಾಗುವ ಐತಿಹ್ಯ ಇನ್ನೊಂದಿದೆ. ಫೂಜಿಯನ್ನಿನ ಬಿಳಿ ಕೊಕ್ಕರೆ ಎಂಬ ಕಾಳಗದ ಪದ್ಧತಿಯನ್ನು ಕಟ್ಟಿದವಳು ಒಬ್ಬ ಹೆಣ್ಣುಮಗಳು, ಫಾಂಗ್ ಚಿನಿಯಾಂಗ್. ಕೊಕ್ಕರೆಯನ್ನು ಓಡಿಸಲು ಕೋಲು ಬೀಸಿದರೆ ಅದು ಜಾಗ ಬಿಡದೆ ರೆಕ್ಕೆಯಲ್ಲೇ ತಪ್ಪಿಸಿಕೊಂಡಿತಂತೆ, ಅದನ್ನು ನೋಡಿ ಅವಳು ಕಲಿತಳಂತೆ. ಕಥೆ ಕಥೆಯೇ. ಆದರೆ ಆ ಪದ್ಧತಿಯ ‘ಸಾನ್‌ಝಾನ್’ ಅಭ್ಯಾಸವೂ ಓಕಿನಾವಾದ ‘ಸಾಂಚಿನ್’ ಕಟಾವೂ ಒಂದೇ ಹೆಸರಿನವು, ಮೂರು ಸಮರ ಎಂದರ್ಥ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಂಟು ಕಣ್ಣಿಗೇ ಬೀಳುತ್ತದೆ.

ಸಾಂಚಿನ್ ಎಂದಾಗ ನಾನು ಸ್ವಲ್ಪ ನಿಲ್ಲಲೇಬೇಕು. ನಾನು ಮೊದಲ ಸಲ ನಾಹಾಕ್ಕೆ ಹೋದಾಗ ಕಪ್ಪು ಬೆಲ್ಟು ಕಟ್ಟಿಕೊಂಡೇ ಹೋಗಿದ್ದೆ. ಗುರುಗಳ ಮನೆಯ ಕೆಳಮಹಡಿಯೇ ಡೋಜೋ, ಅಂದರೆ ಅಭ್ಯಾಸದ ಕೋಣೆ, ಹದಿನೈದು ಜನ ನಿಂತರೆ ಭರ್ತಿ. ಸೆಕೆ ಮಂಗಳೂರಿನ ಮೇ ತಿಂಗಳಿನದು. ಎಪ್ಪತ್ತು ದಾಟಿದ ಗುರುಗಳು ನನ್ನ ಸಾಂಚಿನ್‌ನ ಮೂರು ಹೆಜ್ಜೆ ನೋಡಿ ಕೈಯೆತ್ತಿ ನಿಲ್ಲಿಸಿದರು. ಮುಂದಿನ ಒಂದು ವಾರ ಆ ಮೂರು ಹೆಜ್ಜೆ ಬಿಟ್ಟು ಬೇರೇನೂ ಆಗಲಿಲ್ಲ. ಪಾದಗಳು ಭುಜದಗಲ, ಮುಂದಿನ ಪಾದದ ಹಿಮ್ಮಡಿ ಹಿಂದಿನ ಪಾದದ ಹೆಬ್ಬೆರಳ ಸಾಲಿಗೆ. ಬೆರಳುಗಳು ಒಳಮುಖ, ಮೊಣಕಾಲು ಸಡಿಲ ಆದರೆ ಒಳಗೆ ಹಿಂಡಿದ ಹಾಗೆ. ಸೊಂಟ ಕೆಳಗಿನಿಂದ ಮಡಚಿರಬೇಕು. ಮೊಣಕೈ ಪಕ್ಕೆಯಿಂದ ಒಂದು ಮುಷ್ಟಿ ದೂರ. ಪಾದ ನೆಲ ಬಿಡದೆ ಅರ್ಧಚಂದ್ರ ಬರೆಯುತ್ತಾ ಮುಂದೆ ಸರಿಯಬೇಕು. ಉಸಿರು ಮೂಗಿನಿಂದ ಒಳಗೆ, ಬಾಯಿಂದ ಹೊರಗೆ, ಹೊಕ್ಕುಳ ಕೆಳಗಿನಿಂದ. ನೀವು ಇಷ್ಟನ್ನೂ ಹಿಡಿದು ನಿಂತಿರುವಾಗ ಗುರುಗಳು ಹಿಂದಿನಿಂದ ಬಂದು ಎರಡೂ ಭುಜಕ್ಕೆ ಅಂಗೈಯಿಂದ ಪಟೀರೆಂದು ಬಾರಿಸುತ್ತಾರೆ. ಆಮೇಲೆ ತೊಡೆಗೆ. ಇದಕ್ಕೆ ‘ಶಿಮೆ’ ಎನ್ನುತ್ತಾರೆ. ಅದು ಶಿಕ್ಷೆಯಲ್ಲ, ತೆಂಗಿನಕಾಯಿ ಕೊಳ್ಳುವಾಗ ನಾವು ತಟ್ಟಿ ನೋಡುತ್ತೇವಲ್ಲ ಹಾಗೆ. ಎಲ್ಲಿ ಬಲ ಇದೆ, ಎಲ್ಲಿ ಟೊಳ್ಳು ಎಂದು ಅವರಿಗೆ ಕೈಗೆ ಗೊತ್ತಾಗುತ್ತದೆ. ನನ್ನದು ಬಹಳ ಕಡೆ ಟೊಳ್ಳಿತ್ತು.

ಈ ಸಾಂಚಿನ್ ಇರುವುದು ನಾಹಾ ಕಡೆಯ ಪರಂಪರೆಯಲ್ಲಿ. ಅದಕ್ಕೆ ನಾಹಾ-ತೆ ಎಂದು ಹೆಸರು, ‘ತೆ’ ಎಂದರೆ ಅದೇ ‘ತೀ’, ಕೈ. ಅರಮನೆಯ ಊರಿನದು ಶುರಿ-ತೆ. ಪಕ್ಕದ ತೊಮಾರಿ ಎಂಬ ಇನ್ನೊಂದು ಬಂದರಿನದು ತೊಮಾರಿ-ತೆ, ಅದು ಬಹುಪಾಲು ಶುರಿಯೊಳಗೇ ಕರಗಿತು. ಮೂರೂ ಊರು ಒಂದು ಗಂಟೆಯ ನಡಿಗೆಯೊಳಗಿನವು. ನೀವು ಮಲೆನಾಡಿನವರು, ನಿಮಗೆ ಯಕ್ಷಗಾನದ ತಿಟ್ಟುಗಳನ್ನು ನೆನಪಿಸಿದರೆ ಸಾಕು. ಬಡಗು, ತೆಂಕು ಎಂದು ದಿಕ್ಕಿನ ಹೆಸರು, ಪ್ರಸಂಗ ಅದೇ, ಕುಣಿತ, ಚೆಂಡೆ ಬೇರೆ. ಕಲಾವಿದರು ಆಚೀಚೆ ಓಡಾಡುತ್ತಲೇ ಇರುತ್ತಾರೆ. ಅಲ್ಲಿಯೂ ಹಾಗೆಯೇ. ಇಂಥ ಊರಿನ ಇಂಥವರ ಹತ್ತಿರ ಕಲಿತೆ ಎನ್ನುತ್ತಿದ್ದರೇ ಹೊರತು ಇಂಥ ‘ರ್ಯೂ’ ಎನ್ನುತ್ತಿರಲಿಲ್ಲ.

ಶುರಿ ಕಡೆಯ ಬುನಾದಿ ಕಟಾ ‘ನೈಹಾಂಚಿ’. ನೋಡುವವರಿಗೆ ಸಪ್ಪೆ. ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ, ಕುದುರೆ ಮೇಲೆ ಕೂತ ಹಾಗೆ ನಿಂತು ಒಂದೇ ಗೆರೆಯ ಮೇಲೆ ಬಲಕ್ಕೆ ಎಡಕ್ಕೆ ಸರಿಯುವುದು ಅಷ್ಟೇ. ಆದರೆ ಸೊಂಟದ ಸಣ್ಣ ತಿರುವಿನಿಂದ ಕೈಗೆ ಬಲ ತರುವುದು ಹೇಗೆ ಎಂಬುದನ್ನು ಮೈಗೆ ಕಲಿಸುವುದು ಅದೇ. ಗಿಚಿನ್ ಫುನಾಕೋಶಿ ಎಂಬ ಶಾಲಾ ಮೇಷ್ಟ್ರು ಇತೊಸು ಬಳಿ ಮೂರು ನೈಹಾಂಚಿಗಳನ್ನು ಕಲಿಯಲು ಹತ್ತು ವರ್ಷ ಕಳೆದೆ ಎಂದು ಹೇಳಿಕೊಂಡಿದ್ದಾರೆ. ನಮ್ಮಲ್ಲಿ ಮೂರು ತಿಂಗಳಿಗೊಂದು ಬೆಲ್ಟ್ ಪರೀಕ್ಷೆ, ಪ್ರತಿ ಪರೀಕ್ಷೆಗೆ ಬೇರೆ ಫೀಸು. ನಾನೂ ಹಾಗೆಯೇ ಬೆಲ್ಟ್ ಕಟ್ಟಿಕೊಂಡು ಬಂದವನು, ನನ್ನ ಹಳೆಯ ಸರ್ಟಿಫಿಕೇಟೊಂದರಲ್ಲಿ ಶೈಲಿಯ ಹೆಸರಿನ ಕಾಗುಣಿತವೇ ತಪ್ಪಿದೆ.

ಇಂದು ಕ್ಲಾಸಿನಲ್ಲಿ ಮಕ್ಕಳು ಸಾಲಾಗಿ ನಿಂತು ‘ಇಚಿ, ನಿ, ಸಾನ್’ ಎಂದು ಎಣಿಕೆಗೆ ಗುದ್ದುವುದು ಪುರಾತನ ಪದ್ಧತಿಯೇನಲ್ಲ. 1901ರಲ್ಲಿ ಇತೊಸು ಶುರಿಯ ಪ್ರಾಥಮಿಕ ಶಾಲೆಗೆ ಕರಾಟೆಯನ್ನು ತಂದರು, ಕೆಲ ವರ್ಷದಲ್ಲಿ ಅದು ಮಾಧ್ಯಮಿಕ ಶಾಲೆಗೂ ಹೋಯಿತು. ನೂರಾರು ಮಕ್ಕಳಿಗೆ ಒಟ್ಟಿಗೆ ಕಲಿಸಬೇಕಲ್ಲ, ಅದಕ್ಕೆ ಅವರು ‘ಪಿನಾನ್’ ಎಂಬ ಐದು ಸುಲಭ ಕಟಾಗಳನ್ನು ಕಟ್ಟಿದರು. ಅದಕ್ಕೆ ಮುಂಚೆ ಒಬ್ಬ ಗುರು, ಇಬ್ಬರೋ ಮೂವರೋ ಶಿಷ್ಯರು, ಮನೆಯ ಹಿತ್ತಲು. ಆ 1908ರ ಪತ್ರದಲ್ಲಿ ಇತೊಸು ಈ ವಿದ್ಯೆ ಶಾಲಾ ಮಕ್ಕಳನ್ನು ಮುಂದೆ ಸೈನ್ಯಕ್ಕೂ ಸಜ್ಜುಗೊಳಿಸುತ್ತದೆ ಎಂದು ವಾದಿಸಿದ್ದಾರೆ. ಸರ್ಕಾರಕ್ಕೆ ಅರ್ಜಿ ಬರೆಯುವ ಹಳೇ ಗುಮಾಸ್ತನ ಜಾಣತನ ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಈ ‘ರ್ಯೂ’ಗಳು ಎಲ್ಲಿಂದ ಬಂದವು? ಜಪಾನಿನ ಕಚೇರಿಗಳಿಂದ ಎಂದರೆ ತಪ್ಪಾಗದು. ಫುನಾಕೋಶಿ 1922ರಲ್ಲಿ ಟೋಕಿಯೊದ ಕ್ರೀಡಾ ಪ್ರದರ್ಶನಕ್ಕೆ ಹೋಗಿ ಕರಾಟೆ ತೋರಿಸಿದರು, ಅಲ್ಲೇ ಉಳಿದುಬಿಟ್ಟರು. ಜಪಾನಿನಲ್ಲಿ ಕತ್ತಿವರಸೆಗೂ ಜುಜುತ್ಸುಗೂ ಪ್ರತಿ ಮನೆತನಕ್ಕೊಂದು ಹೆಸರು ಇರುತ್ತಿತ್ತು. ಕರಾಟೆಯವರನ್ನೂ ‘ನಿಮ್ಮದು ಯಾವ ರ್ಯೂ?’ ಎಂದು ಕೇಳತೊಡಗಿದರು. 1930ರ ಸುಮಾರಿಗೆ ನಾಹಾದ ಚೋಜುನ್ ಮಿಯಾಗಿ ಅವರ ಹಿರಿಯ ಶಿಷ್ಯ ಜಿನ್‌ಆನ್ ಶಿಂಜಾತೊ ಟೋಕಿಯೊದಲ್ಲಿ ಪ್ರದರ್ಶನ ಕೊಟ್ಟಾಗ ಇದೇ ಪ್ರಶ್ನೆ ಬಂತು. ಪಾಪ, ಉತ್ತರ ಗೊತ್ತಿರಲಿಲ್ಲ. ಆ ಕ್ಷಣಕ್ಕೆ ಬಾಯಿಗೆ ಬಂದ ‘ಹಾಂಕೊ-ರ್ಯೂ’ ಎಂಬ ಹೆಸರು ಹೇಳಿ ಬಂದರು. ಊರಿಗೆ ಮರಳಿ ಗುರುಗಳ ಮುಂದೆ ಒಪ್ಪಿಸಿದಾಗ ಮಿಯಾಗಿ ಯೋಚಿಸಿ ‘ಬುಬಿಶಿ’ ಎಂಬ ಹಳೆಯ ಚೀನೀ ಕೈಬರಹದ ಒಂದು ಸಾಲಿನಿಂದ ‘ಗೋಜು’ ಎಂದು ಆರಿಸಿದರು. ಗಡಸನ್ನೂ ಮೃದುವನ್ನೂ ನುಂಗಿ ಉಗುಳುವುದೇ ಕ್ರಮ ಎಂಬ ಅರ್ಥದ ಸಾಲು. 1933ರಲ್ಲಿ ಅದು ಕ್ಯೋಟೊದ ಬುತೊಕುಕಾಯ್ ಎಂಬ ಸಮರಕಲಾ ಸಂಸ್ಥೆಯ ದಫ್ತರಕ್ಕೆ ಸೇರಿತು. ನಿಮ್ಮ ಬೀದಿಯ ಮೊದಲ ಬೋರ್ಡಿನ ಹುಟ್ಟು ಇದು.

ಮಿಯಾಗಿ ಕಲಿತದ್ದು ಕಾನ್ರ್ಯೊ ಹಿಗಾಒನ್ನಾ ಅವರಲ್ಲಿ. ಸೌದೆ ಮಾರುವ ಮನೆಯ ಹುಡುಗ ಹಿಗಾಒನ್ನಾ ಫೂಜೌಗೆ ಹಡಗು ಹತ್ತಿ ಅಲ್ಲಿ ವರ್ಷಗಟ್ಟಲೆ ಕಲಿತು ಬಂದವರು. ಗೋಜು-ರ್ಯೂದಲ್ಲಿ ಕಟಾಗಳು ಹನ್ನೆರಡೇ. ಮುಷ್ಟಿ ಬಿಗಿ, ಉಸಿರು ಕೇಳಿಸುವಂತಿರುತ್ತದೆ, ಕಾಳಗ ತೀರಾ ಹತ್ತಿರದ್ದು: ಹಿಡಿಯುವುದು, ತಿರುಚುವುದು, ಎಳೆದು ಗುದ್ದುವುದು. ಉಪಕರಣಗಳನ್ನು ನೋಡಿದರೆ ನಿಮಗೆ ಗರಡಿಮನೆಯ ನೆನಪಾಗುತ್ತದೆ. ಕಲ್ಲಿಗೆ ಮರದ ಹಿಡಿ ಸಿಕ್ಕಿಸಿದ ‘ಚಿಶಿ’ ನಮ್ಮ ಗದೆಯ ತಮ್ಮ. ಬಾಯಂಚನ್ನು ಬೆರಳ ತುದಿಯಲ್ಲಿ ಹಿಡಿದು ನಡೆಯುವ ಮಣ್ಣಿನ ಗಡಿಗೆಗಳು ‘ನಿಗಿರಿಗಾಮೆ’, ಅಭ್ಯಾಸ ಹೆಚ್ಚಿದಂತೆ ಒಳಗೆ ಮರಳು ತುಂಬುತ್ತಾರೆ. ನೆಲದಲ್ಲಿ ಹೂತ, ಹುಲ್ಲುಹಗ್ಗ ಸುತ್ತಿದ ಹಲಗೆ ‘ಮಕಿವಾರಾ’. ಅದಕ್ಕೆ ಗುದ್ದುವುದು ಗೆಣ್ಣು ಜಜ್ಜಿಕೊಳ್ಳಲು ಅಲ್ಲ. ಹಲಗೆ ಹಿಂದಕ್ಕೆ ಬಾಗಿ ನಿಮ್ಮನ್ನು ತಳ್ಳುತ್ತದೆ, ಆ ತಳ್ಳುವಿಕೆಗೆ ಮೈ ಎಲ್ಲಿ ಸಡಿಲಾಗುತ್ತದೆ ಎಂದು ತಿಳಿಯುವುದೇ ಪಾಠ. ಬೆಳೆಯುವ ಮಕ್ಕಳಿಗೆ ಅದನ್ನು ಕೊಡುವ ಕ್ಲಾಸಿನಿಂದ ಮಗಳನ್ನು ಕರೆದುಕೊಂಡು ಬನ್ನಿ.

ಎರಡನೆಯ ಬೋರ್ಡು, ಶೋಟೋಕಾನ್. ‘ಶೋತೊ’ ಎಂಬುದು ಫುನಾಕೋಶಿಯ ಕಾವ್ಯನಾಮ, ಪೈನ್ ಮರಗಳ ಮೇಲೆ ಗಾಳಿ ಬೀಸಿದಾಗಿನ ಅಲೆ. ‘ಕಾನ್’ ಅಂದರೆ ಭವನ. ಶಿಷ್ಯರು ಕಟ್ಟಡಕ್ಕಿಟ್ಟ ಹೆಸರು ಶೈಲಿಗೇ ನಿಂತಿತು. ಓಕಿನಾವಾದಲ್ಲಿ ಹುಟ್ಟಿ ಟೋಕಿಯೊದಲ್ಲಿ ಬೆಳೆದ ಮಗು ಇದು. ವಿಶ್ವವಿದ್ಯಾಲಯದ ಹುಡುಗರ ಕೈಯಲ್ಲಿ, ಅದರಲ್ಲೂ ಫುನಾಕೋಶಿಯ ಮಗ ಯೋಶಿತಾಕಾ ಕಾಲದಲ್ಲಿ, ನಿಲುವುಗಳು ತಗ್ಗಿದವು, ಹೆಜ್ಜೆ ಉದ್ದವಾಯಿತು, ಒದೆತ ಮೇಲೇರಿತು. ಕಟಾಗಳ ಹೆಸರನ್ನು ಫುನಾಕೋಶಿ ಜಪಾನಿಗೆ ಒಗ್ಗಿಸಿದರು. ಪಿನಾನ್ ‘ಹೇಯಾನ್’ ಆಯಿತು, ನೈಹಾಂಚಿ ‘ಟೆಕ್ಕಿ’ ಆಯಿತು, ಪಸ್ಸಾಯ್ ‘ಬಸ್ಸಾಯ್’, ಕುಸಾಂಕು ‘ಕಾಂಕು’. ಮೊದಲ ಎರಡು ಪಿನಾನ್‌ಗಳ ಕ್ರಮವನ್ನೂ ಅದಲು ಬದಲು ಮಾಡಿದರು, ಅದಕ್ಕೇ ಎರಡು ಕ್ಲಾಸಿನ ಮಕ್ಕಳು ‘ಒಂದನೆಯ ಕಟಾ’ ಯಾವುದೆಂದು ಜಗಳವಾಡುವುದು.

ಆ ಕಾಲದ ಒಂದು ತಮಾಷೆ. ಚೋಕಿ ಮೊತೊಬು ಎಂಬ ಓಕಿನಾವಾದ ಗಟ್ಟಿ ಆಳು, ಐವತ್ತು ದಾಟಿದವರು, ಕ್ಯೋಟೊದಲ್ಲಿ ವಿದೇಶಿ ಬಾಕ್ಸರ್ ಒಬ್ಬನನ್ನು ಅಖಾಡದಲ್ಲೇ ಕೆಡವಿದರು. 1925ರಲ್ಲಿ ಒಂದು ಜನಪ್ರಿಯ ಮಾಸಪತ್ರಿಕೆ ಇದನ್ನು ಬಣ್ಣಿಸಿ ಬರೆಯಿತು, ಚಿತ್ರವನ್ನೂ ಬಿಡಿಸಿತು. ಚಿತ್ರದಲ್ಲಿದ್ದ ಮುಖ ಮಾತ್ರ ಫುನಾಕೋಶಿಯದು! ಇಬ್ಬರಿಗೂ ಮೊದಲೇ ಎಣ್ಣೆ ಸೀಗೆಕಾಯಿ.

ಮೂರನೆಯದಾದ ಶಿಟೋ-ರ್ಯೂ ಕಟ್ಟಿದವರು ಪೊಲೀಸ್ ಕೆಲಸದಲ್ಲಿದ್ದ ಕೆನ್ವಾ ಮಾಬುನಿ. ಅವರು ಶುರಿಯ ಇತೊಸು, ನಾಹಾದ ಹಿಗಾಒನ್ನಾ ಇಬ್ಬರ ಬಳಿಯೂ ಕಲಿತರು. ಮುಂದೆ ಒಸಾಕಾದಲ್ಲಿ ನೆಲೆಸಿ, ಇಬ್ಬರ ಹೆಸರನ್ನು ಬರೆಯುವ ಚೀನೀ ಲಿಪಿಯ ಮೊದಲಕ್ಷರಗಳನ್ನು ಅವುಗಳ ಇನ್ನೊಂದು ಉಚ್ಚಾರದಲ್ಲಿ ಓದಿ, ಸೇರಿಸಿ ‘ಶಿ-ತೊ’ ಎಂದರು. ಹಾಗಾಗಿ ಇದರಲ್ಲಿ ಐವತ್ತಕ್ಕೂ ಹೆಚ್ಚು ಕಟಾ, ಎರಡೂ ತಿಟ್ಟಿನವು. ಅಷ್ಟನ್ನೂ ಆಳವಾಗಿ ಕಲಿಸಬಲ್ಲ ಗುರು ಸಿಕ್ಕರೆ ಪುಣ್ಯ.

ನಿಮ್ಮ ಬೀದಿಯಲ್ಲಿ ಇಲ್ಲದ್ದು, ಆದರೆ ಓಕಿನಾವಾದಲ್ಲಿ ಇಂದಿಗೂ ದೊಡ್ಡದಾಗಿರುವುದು ಶೋರಿನ್-ರ್ಯೂ ಮತ್ತು ಉಎಚಿ-ರ್ಯೂ. ಶೋರಿನ್ ಎಂಬುದು ಶಾವೊಲಿನ್‌ನ ಜಪಾನಿ ಉಚ್ಚಾರ. 1930ರ ದಶಕದಲ್ಲಿ ಶುರಿಯ ಚೋಶಿನ್ ಚಿಬಾನಾ ಈ ಹೆಸರು ಹಿಡಿದರು, ಆದರೆ ಅದೇ ಉಚ್ಚಾರದ ಬೇರೆ ಚೀನೀ ಅಕ್ಷರ ಬರೆದರು. 1947ರಲ್ಲಿ ಶೋಶಿನ್ ನಾಗಾಮಿನೆ ಇನ್ನೂ ಒಂದು ಅಕ್ಷರ ಬದಲಿಸಿ ‘ಮತ್ಸುಬಾಯಾಶಿ’ ಎಂದರು. ಉಎಚಿಯದು ಬೇರೆಯೇ ದಾರಿ. ಕಾನ್‌ಬುನ್ ಉಎಚಿ ನಿಜವಾಗಿಯೂ ಬೇಸಾಯದ ಮನೆಯ ಹುಡುಗ. 1897ರಲ್ಲಿ, ಜಪಾನೀ ಸೈನ್ಯದ ಕಡ್ಡಾಯ ಭರ್ತಿ ಶುರುವಾಗುವ ಹೊತ್ತಿಗೆ, ಫೂಜೌಗೆ ಹೋದ. ಕಲಿತು ಮರಳಿದ ಮೇಲೂ ಬಹಳ ವರ್ಷ ಯಾರಿಗೂ ಹೇಳಿಕೊಡಲಿಲ್ಲ. ಆಮೇಲೆ ಜಪಾನಿನ ವಾಕಾಯಾಮಾದಲ್ಲಿ ಕೂಲಿಗೆ ಹೋದಾಗ ಜೊತೆಯವರು ಬೆನ್ನು ಹತ್ತಿ ಕಲಿತರು. ಉಎಚಿ ಕಲಿಸಿದ್ದು ಮೂರೇ ಕಟಾ. ಅವರ ಸಾಂಚಿನ್‌ನಲ್ಲಿ ಮುಷ್ಟಿ ಇಲ್ಲ, ತೆರೆದ ಕೈ, ಬೆರಳ ತುದಿಯ ಇರಿತ. ಗೋಜು-ರ್ಯೂದ ಸಾಂಚಿನ್ ಜೊತೆ ಹೋಲಿಸಿ ನೋಡಿ, ಒಂದೇ ಅಜ್ಜಿಯ ಇಬ್ಬರು ಮೊಮ್ಮಕ್ಕಳು.

ಕೊನೆಗೆ ಹೆಸರು. ‘ಕರಾಟೆ’ ಎಂಬುದನ್ನು ಮೊದಲು ‘ಚೀನೀ ಕೈ’ ಎಂಬ ಅಕ್ಷರಗಳಲ್ಲೇ ಬರೆಯುತ್ತಿದ್ದರು. ಉಚ್ಚಾರ ಅದೇ ಇಟ್ಟು ‘ಬರಿಗೈ’ ಎಂದು ಬರೆದದ್ದು 1905ರಲ್ಲಿ ಚೋಮೊ ಹಾನಾಶಿರೊ. 1936ರ ಅಕ್ಟೋಬರ್ 25ರಂದು ನಾಹಾದಲ್ಲಿ ಪತ್ರಿಕೆಯೊಂದು ಕರೆದ ಸಭೆಯಲ್ಲಿ ಮಿಯಾಗಿ, ಮೊತೊಬು, ಚಿಬಾನಾ, ಹಾನಾಶಿರೊ ಮುಂತಾದವರು ಸೇರಿ ಇನ್ನು ‘ಬರಿಗೈ’ಯೇ ಇರಲಿ ಎಂದರು. ಚೀನಾದ ಮೇಲೆ ಯುದ್ಧಕ್ಕೆ ಹೊರಟಿದ್ದ ಜಪಾನಿನಲ್ಲಿ ‘ಚೀನೀ ಕೈ’ ಎಂಬ ಬೋರ್ಡು ಹಾಕಿ ಕ್ಲಾಸು ನಡೆಸುವುದು ಕಷ್ಟವಿತ್ತು. ಬರಿಗೈ ಎಂಬುದಕ್ಕೆ ಶೂನ್ಯತತ್ವದ ವ್ಯಾಖ್ಯಾನ ಕೊಡುವವರು ಈ ಕಾರಣವನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಆ ದಿನವನ್ನೇ 2005ರಲ್ಲಿ ಓಕಿನಾವಾ ಜಿಲ್ಲಾ ಸಭೆ ‘ಕರಾಟೆ ದಿನ’ ಎಂದು ಸಾರಿತು.

ನಿಮ್ಮ ಮೂರು ಕ್ಲಾಸುಗಳಿಗೆ ಬರೋಣ. ಪ್ರದರ್ಶನದ ದಿನ ಹೋಗಬೇಡಿ, ಮಾಮೂಲಿ ಮಂಗಳವಾರವೋ ಗುರುವಾರವೋ ಹೋಗಿ ಮೂಲೆಯಲ್ಲಿ ಕೂತು ನೋಡಿ. ಗೋಜು ಕ್ಲಾಸಿನಲ್ಲಿ ಸಾಂಚಿನ್, ಶೋಟೋಕಾನ್ ಕ್ಲಾಸಿನಲ್ಲಿ ಟೆಕ್ಕಿ, ಶಿಟೋ ಕ್ಲಾಸಿನಲ್ಲಿ ಎರಡೂ ಸಂಪ್ರದಾಯದ ಒಂದೊಂದು ಕಟಾ ತೋರಿಸಲು ಹಿರಿಯ ವಿದ್ಯಾರ್ಥಿಯೊಬ್ಬರನ್ನು ಕೇಳಿ. ಮಧ್ಯದ ಯಾವುದಾದರೂ ಒಂದು ಚಲನೆಯನ್ನು ತೋರಿಸಿ ‘ಇದು ಯಾತಕ್ಕೆ?’ ಎಂದು ಗುರುಗಳನ್ನೇ ಕೇಳಿ. ಎದುರಿಗೆ ಒಬ್ಬರನ್ನು ನಿಲ್ಲಿಸಿ, ಅವರ ಕೈ ಹಿಡಿದು, ನಿಧಾನವಾಗಿ ಮಾಡಿ ತೋರಿಸಿದರೆ ಅಲ್ಲಿಗೇ ಸೇರಿಸಿ, ಬೋರ್ಡಿನಲ್ಲಿ ಏನೇ ಇರಲಿ. ‘ಅದೆಲ್ಲ ಬ್ಲಾಕ್ ಬೆಲ್ಟ್ ಆದ ಮೇಲೆ’ ಎಂದರೆ ಮುಂದಿನ ಕ್ಲಾಸಿಗೆ ಹೋಗಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಹತ್ತು ವರ್ಷದ ಮಕ್ಕಳಿಗೆ ಯಾವ ಮೇಷ್ಟ್ರು ಸುಮ್ಮನೆ ಕೂಗುತ್ತಾರೆ, ಯಾರು ಕಲಿಸುತ್ತಾರೆ ಎಂಬುದು ನಮಗಿಂತ ಬೇಗ ಗೊತ್ತಾಗುತ್ತದೆ.